ಅಳಿಸಲೆಂದು ಹಾಡಿದ್ದು

"ಆ ಗಾಯಕಿಗೆ ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಟ್ಟೆ," ಅಂದ ಅವನು. "ನಿಮ್ಮ ದನೀನೇ ಇಟ್ಕೊಳ್ತೀನಿ. ಎಲ್ಲಾ ಹಾಡಿಗೂ."

ಬೇರೆ ಯಾರಾದರೂ ಕೇಳಿ ಕುಣಿದಾಡಿಬಿಡುತ್ತಿದ್ದ ಮಾತು. ಅವಳ ಎದೆ ಮಾತ್ರ ಧಸಕ್ಕೆಂದಿತು.

ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಟ್ರ್ಯಾಕ್ ಅಕ್ಕ. ಹೊಸ ಹಾಡನ್ನು ಮೊದಲು ಅವಳು ಹಾಡಬೇಕು. ಹೆಸರಾಂತ ಗಾಯಕಿ ಅದನ್ನು ಕೇಳಿ ಕಲಿತು ಹಾಡಿದ ಮೇಲೆ ಅವಳ ದನಿಯನ್ನು ಅಳಿಸಿಬಿಡುತ್ತಾರೆ. ದರ್ಜಿಯ ಕಚ್ಚಾ ಹೊಲಿಗೆಯ ಹಾಗೆ, ಬಟ್ಟೆ ಸಿದ್ಧವಾದರೆ ದಾರ ಕಸಕ್ಕೆ. ಗಂಡ ತೀರಿಕೊಂಡು ಅಣ್ಣನ ಮನೆ ಸೇರಿದಂದಿನಿಂದ ಇದೇ ಕೆಲಸ. ಬೇಸರವೇನಿರಲಿಲ್ಲ. ಉಳಿಯದ ದನಿಗೆ ಯಾರೂ ಲೆಕ್ಕ ಕೇಳುವುದಿಲ್ಲ.

ಸಂಗೀತ ನಿರ್ದೇಶಕನಾದ ಅವನು ಪಾಪ್, ಫಂಕ್ ಎಂದು ತಾಳದಬ್ಬರದ ಹಾಡು ಕಟ್ಟಿ ಊರನ್ನೆಲ್ಲ ಕುಣಿಸಿದವನು. ಈ ಸಲ ಇಡೀ ಆಲ್ಬಮ್ಮೇ ಒಂದು ಕಥೆಯಾಗಬೇಕೆಂದು ಹಠ ಹಿಡಿದಿದ್ದ. ಮನೆ ಬಿಟ್ಟು ಹೊರಟ ಹೆಂಗಸೊಬ್ಬಳ ಒಂದು ದಿನ. ಬಾಗಿಲಿಗೆ ಬೀಗ ಹಾಕುವಾಗ ಫಂಕ್, ಬಸ್ಸಿನಲ್ಲಿ ಡಿಸ್ಕೋ, ಪಕ್ಕದ ಸೀಟಿನ ಮಗು ಅತ್ತರೆ ಲಾಲಿ, ಕೊನೆಗೆ ಒಂದು ದನಿ ಮತ್ತು ಒಂದು ಬೇಸ್ ಗಿಟಾರು.

"ಮೇಷ್ಟ್ರೇ, ಇದು ಆಲ್ಬಮ್ಮೋ, ಕಲಸುಮೇಲೋಗರವೋ?" ಎಂದು ಅವಳು ಮೊದಲ ದಿನ ಛೇಡಿಸಿದ್ದಳು.

"ಹೆಂಗಸಿನ ದಿನ ಇನ್ನು ಹೇಗಿರುತ್ತೆ? ನೀವೇ ಹೇಳಿ," ಅಂದಿದ್ದ ಅವನು, ತಲೆಯೆತ್ತಿ, ಉತ್ತರಕ್ಕಾಗಿ ನಿಜಕ್ಕೂ ಕಾಯುತ್ತಾ. ಹಾಗೆ ಅವಳ ಮಾತಿಗೆ ಯಾರೂ ಕಾದಿರಲಿಲ್ಲ. ಅವಳು ಮನಸೋತದ್ದು ಅಲ್ಲೇ.

"ಟ್ರ್ಯಾಕ್ ಅಕ್ಕ ಇನ್ಮೇಲೆ ಸ್ಟಾರ್ ಅಕ್ಕ! ಪಾರ್ಟಿ ಯಾವಾಗಕ್ಕಾ?" ಮೂಲೆಯಲ್ಲಿದ್ದ ಡ್ರಮ್ಸ್ ನುಡಿಸುವವನು ಇವತ್ತಿನ ಸುದ್ದಿ ಕೇಳಿ ಟೇಬಲ್ಲನ್ನೇ ಬಾರಿಸಿದ.

"ನನ್ನ ದನೀನ ಅಳಿಸ್ಬಿಡಿ," ಅಂದಳು ಅವಳು.

ಡ್ರಮ್ಸಿನವನು ಇಬ್ಬರ ಮುಖವನ್ನೂ ನೋಡಿ, ಟೀ ನೆಪ ಹೇಳಿ ಮೆಲ್ಲಗೆ ಜಾರಿಕೊಂಡ.

"ಯಾಕೆ?"

"ಮಾತು ಹಾಗೇ ಆಗಿತ್ತಲ್ಲ."

"ಮಾತು ನಂಗೂ ಗೊತ್ತು. ಕಾರಣ ಕೇಳ್ತಿದೀನಿ."

ಹಾಡುವ ಕೋಣೆಯನ್ನು ಬೇರ್ಪಡಿಸುವ ದಪ್ಪ ಗಾಜಿನತ್ತ ಅವಳು ತಿರುಗಿಕೊಂಡಳು. ಹೇಳಿದರೆ ಈ ವಯಸ್ಸಿನಲ್ಲಿ ನಗೆಪಾಟಲು. ಹೇಳದಿದ್ದರೆ ಅವಳ ಗುಟ್ಟು ಬಸ್ಸಿನಲ್ಲಿ, ಅಂಗಡಿಯಲ್ಲಿ, ಅತ್ತಿಗೆಯ ಅಡುಗೆಮನೆಯ ರೇಡಿಯೋದಲ್ಲಿ ಮೊಳಗುತ್ತದೆ. ಅತ್ತಿಗೆಗಂತೂ ಒಂದು ಸಾಲು ಸಾಕು. ಒಗ್ಗರಣೆಯ ಸೌಟು ಹಿಡಿದೇ ‘ಯಾರೇ ಅವನು?’ ಅಂದುಬಿಡುತ್ತಾಳೆ.

"ಅಳಿಸಿಹೋಗುತ್ತೆ ಅಂತಾನೇ ಹಾಗೆ ಹಾಡಿದ್ದು," ಅಂದಳು. "ಉಳಿಯುತ್ತೆ ಅಂತ ಗೊತ್ತಿದ್ರೆ ಅಷ್ಟು ಬಾಯಿ ಬಿಡ್ತಿರ್ಲಿಲ್ಲ."

"ಯಾರಿಗೆ ಹಾಡಿದ್ರಿ?"

ಗಾಜಿನಲ್ಲಿ ಅವನ ಪ್ರತಿಬಿಂಬ ಕಾಣುತ್ತಿತ್ತು. ಕಣ್ಣು ಕೆಳಗಿತ್ತು, ಕೈ ಸುಮ್ಮನಿತ್ತು. ಅವನು ನೇರವಾಗಿ ನೋಡಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ.

"ಗಾಜಿನ ಈ ಕಡೆ ದಿನಾ ಕೂತಿರ್ತಿದ್ದೋರು ಒಬ್ರೇ ತಾನೇ?"



"ನಂಗೂ ಹಾಗೇ ಕೇಳಿಸ್ತಿತ್ತು," ಅಂದ ಅವನು. "ನನ್ನ ಭ್ರಮೆ ಅಂದ್ಕೊಂಡೆ. ಅದಕ್ಕೇ ಆ ಗಾಯಕೀನ ಬೇಗ ಕರೆಸಿದ್ದು. ಅವರು ಹಾಡಿದಾಗ್ಲೂ ಹಾಗೇ ಕೇಳಿಸಿದ್ರೆ, ಅದು ಹಾಡಿನ ಗುಣ ಅಂತ ಸುಮ್ಮನಾಗ್ತಿದ್ದೆ."

"ಕೇಳಿಸ್ತಾ?"

"ಇಲ್ಲ."

ಅವನು ಕಂಪ್ಯೂಟರಿನ ಮುಂದೆ ಕೂತ. "ನೀವು ಬೇಡ ಅಂದ್ಮೇಲೆ ಇದನ್ನ ಮಾರೋದು ಕಳ್ಳತನ," ಎಂದು ಒಂದೊಂದೇ ಹಾಡನ್ನು ತೆಗೆಯತೊಡಗಿದ. ತೆರೆಯ ಮೇಲೆ ಅವಳ ದನಿಯ ಗೆರೆಗಳು ಒಂದಾದ ಮೇಲೊಂದು ಮಾಯವಾದವು. ಹಾಯೆನಿಸಬೇಕಿತ್ತು. ಅನಿಸಲಿಲ್ಲ. ಇಷ್ಟು ವರ್ಷ ಹೀಗೇ ತನ್ನನ್ನು ಒರೆಸಿಹಾಕುತ್ತಿದ್ದರೂ ಅವಳು ಒಮ್ಮೆಯೂ ನಿಂತು ನೋಡಿರಲಿಲ್ಲ.

ತೆರೆ ಖಾಲಿಯಾಯಿತು.

"ಮತ್ತೆ ಹಾಡ್ತೀನಿ," ಅಂದಳು. "ಅದು ಕದ್ದು ಹಾಡಿದ್ದು. ಇದು ಉಳಿಯೋದಕ್ಕೆ. ಕೊನೇ ಹಾಡಿಂದ ಶುರು ಮಾಡೋಣ."

ಒಳಗೆ ಹೋಗಿ ಮೈಕಿನ ಮುಂದೆ ನಿಂತಳು. ಅವನು ಎಂದಿನಂತೆ ಗಾಜಿನಾಚೆ ಕೂರಹೋದ.

"ಅಲ್ಲಿ ಬೇಡ. ರೆಕಾರ್ಡ್ ಒತ್ತಿ, ಗಿಟಾರ್ ತಗೊಂಡು ಇಲ್ಲೇ ಬನ್ನಿ."

ಅವನು ಬಂದು ಪಕ್ಕದಲ್ಲಿ ನಿಂತ. "ನನ್ನ ಉಸಿರೂ ಮೈಕಿಗೆ ಬೀಳುತ್ತೆ," ಅಂದ ಮೆಲ್ಲಗೆ.

"ಬೀಳಲಿ," ಅಂದಳು ಅವಳು.