ಎಣ್ಣೆ ಎಂದು ಬರೆದ ಅರ್ಜಿ

ಮೂರನೇ ಸಾಲಿಗೆ ಬಂದಾಗ ಗುಮಾಸ್ತರು ನಕ್ಕುಬಿಟ್ಟರು.

ಶಾಸಕರ ಕಚೇರಿಯ ಹೊರಕೋಣೆಯಲ್ಲಿ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಗುಮಾಸ್ತರು ಅರ್ಜಿಯನ್ನು ದೂರ ಹಿಡಿದು, ಬೇಕೆಂದೇ ನಾಲಿಗೆ ತೊದಲಿಸುತ್ತ ಮತ್ತೆ ಓದಿದರು:

"ಎಣ್ಣೆ ಇಲ್ಲದೆ ನಮ್ಮ ಡ್ರೈವರ್‌ಗಳಿಗೆ ಗಾಡಿ ಓಡಿಸಲು ಆಗುತ್ತಿಲ್ಲ. ಆದ್ದರಿಂದ ಎಣ್ಣೆಯ ದರ ಇಳಿಸಬೇಕು."

ಕೋಣೆಗೆ ಕೋಣೆಯೇ ನಕ್ಕಿತು. ಬೆಂಚಿನ ತುದಿಯಲ್ಲಿದ್ದ ಮೈಕು ಮಾತ್ರ ನಗಲಿಲ್ಲ. ಆ ಸಾಲು ಬರೆದವಳು ಅವಳೇ.

ಮೈಕು ಎನ್ನುವುದು ಸ್ಕೂಲ್ ವ್ಯಾನಿನ ಮಕ್ಕಳು ಇಟ್ಟ ಹೆಸರು. ಹೆಡ್‌ಮಿಸ್ ಕೆಮ್ಮು, ವ್ಯಾನಿನ ಗೊಗ್ಗರು ಹಾರ್ನು, ಯಾವುದನ್ನು ಕೇಳಿದರೂ ಅವಳು ಇದ್ದ ಹಾಗೇ ಮಾಡಿ ತೋರಿಸುತ್ತಿದ್ದಳು. ಆ ವ್ಯಾನ್ ಓಡಿಸುವುದು ಅವಳ ಅಮ್ಮ. ಡೀಸೆಲ್ ದರದ ಜೊತೆ ವ್ಯಾನಿನ ಫೀಸೂ ಏರುತ್ತ ಹೋದಂತೆ ಮಕ್ಕಳು ಇಳಿಯುತ್ತ ಹೋದರು. ಈಗ ಅರ್ಧ ಸೀಟು ಖಾಲಿ.

ಹೀಗೇ ಆದರೆ ಮುಂದಿನ ತಿಂಗಳು ವ್ಯಾನ್ ಮಾರಿ, ದೂರದ ಊರಿನ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತೇನೆಂದು ಅಮ್ಮ ಚಿಕ್ಕಮ್ಮನಿಗೆ ಹೇಳಿದ್ದಳು. ಮೈಕು ಇನ್ನು ಚಿಕ್ಕಮ್ಮನ ಮನೆಯಲ್ಲೇ ಇರಬೇಕಂತೆ. ಬಾಗಿಲ ಹಿಂದೆ ನಿಂತು ಮೈಕು ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

ಕೊನೆಗೆ ಬೀದಿಯವರೆಲ್ಲ ಸೇರಿ ಅರ್ಜಿ ಕೊಡೋಣವೆಂದರು. ಕೆಲವರು ತೈಲವನ್ನು ಕಣ್ಣಲ್ಲೂ ನೋಡದೆ, ಬೆಲೆ ಏರುತ್ತದೆಂದು ಬಾಜಿ ಕಟ್ಟಿ, ಬರೀ ಕಾಗದದ ಮೇಲೆ ಕೊಂಡು ಮಾರುತ್ತಾರೆ, ಆ ಸಟ್ಟಾ ವ್ಯಾಪಾರಕ್ಕೆ ಕಡಿವಾಣ ಹಾಕುವ ಕಾನೂನು ಬೇಕು ಎಂದು ರಿಟೈರ್ಡ್ ಟೀಚರ್ ಒಬ್ಬರು ಹೇಳಿ ಬರೆಸಿದರು. ಅಕ್ಷರ ದುಂಡಗಿದೆಯೆಂದು ಪೆನ್ನು ಮೈಕುವಿನ ಕೈಗೆ ಬಂದಿತ್ತು.

ಟೀಚರ್ 'ಇಂಧನ' ಎಂದಾಗ ಪೆನ್ನು ನಿಂತಿತು. ಈ ದಕಾರದ ಹೊಟ್ಟೆ ಸೀಳಬೇಕೋ ಬೇಡವೋ? ಕೇಳಿದರೆ, ಐದನೇ ಕ್ಲಾಸಾದರೂ ಇಷ್ಟು ಬರಲ್ಲವಾ ಅಂದಾರು ಎಂಬ ಭಯ. ಗ್ಯಾರೇಜ್ ಮಾವ ದಿನವೂ "ಗಾಡಿಗೆ ಎಣ್ಣೆ ಹಾಕ್ಸಿದ್ಯಾ?" ಅನ್ನುವುದು ನೆನಪಾಯಿತು. ಸರಿ, ಇಂಧನ ಬಂದಲ್ಲೆಲ್ಲ ಮೈಕು ಎಣ್ಣೆ ಸುರಿದಳು. ಆ ಪದಕ್ಕೆ ಹೆಂಡದಂಗಡಿಯಲ್ಲೂ ಗಿರಾಕಿಗಳಿದ್ದಾರೆ ಎನ್ನುವುದು ಆಗ ಹೊಳೆಯಲಿಲ್ಲ. ನೂರಾಹನ್ನೆರಡು ಜನ ಸಹಿ ಹಾಕಿದರು. ಓದಿ ಹಾಕಿದವರು ಒಬ್ಬರೂ ಇಲ್ಲ.

ನಕ್ಕು ಮುಗಿಸಿದ ಗುಮಾಸ್ತರು ಅರ್ಜಿಯನ್ನು, ಅದನ್ನು ತಂದಿದ್ದ ಅಮ್ಮನ ಕೈಗೇ ವಾಪಸು ಕೊಟ್ಟರು. ಹೊಸದಾಗಿ ಬರೆಸಿ, ಅಷ್ಟೂ ಸಹಿ ಮತ್ತೆ ಹಾಕಿಸಿ ತರಬೇಕಂತೆ. ಆದರೆ ಶಾಸಕರು ಇವತ್ತೇ ಅಧಿವೇಶನಕ್ಕೆ ಹೊರಡುತ್ತಾರೆ, ಬರುವುದು ಮುಂದಿನ ತಿಂಗಳು.

ಮುಂದಿನ ತಿಂಗಳು! ಅಷ್ಟರಲ್ಲಿ ವ್ಯಾನೇ ಮಾರಿಹೋಗಿರುತ್ತದೆ.

"ಯಾರಮ್ಮ ಇದನ್ನ ಬರೆದಿದ್ದು?" ಎಂದರು ಗುಮಾಸ್ತರು.

"ನಾನೇ ಸಾರ್," ಅಂದಳು ಅಮ್ಮ.

ಗೋಡೆಗೆ ಒರಗಿ ನಿಂತಿದ್ದ ಅಮ್ಮನ ಕೈಯಲ್ಲಿ ಕಾಗದ ಪಟಪಟ ಅಲುಗುತ್ತಿತ್ತು. ಫ್ಯಾನಿನ ಗಾಳಿಗೆ ಇರಬೇಕು ಎಂದು ಮೈಕು ಮೇಲೆ ನೋಡಿದಳು. ಫ್ಯಾನ್ ತಿರುಗುತ್ತಿರಲಿಲ್ಲ.

ಮೈಕು ಎದ್ದು ನಿಂತಳು. ಅವಳಿಗೆ ಎಷ್ಟೋ ಜನರ ದನಿ ಬರುತ್ತಿತ್ತು. ಈಗ ಒಂದೂ ಬರಲಿಲ್ಲ. ಬಂದದ್ದು ಅವಳದೇ, ದಾರದಷ್ಟು ಸಣ್ಣ ದನಿ.

"ಅಮ್ಮ ಅಲ್ಲ ಸಾರ್, ನಾನು. ಇಂಧನಕ್ಕೆ ಯಾವ ದ ಅಂತ ಗೊತ್ತಿರಲಿಲ್ಲ. ಕೇಳೋಕೆ ಭಯ ಆಯ್ತು."

ನಗು ಕೇಳಿ ಶಾಸಕರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಅರ್ಜಿ ತೆಗೆದುಕೊಂಡು ಪೂರ್ತಿ ಓದಿದರು. ನಗಲಿಲ್ಲ. ಸಹಿಗಳು ಹಾಗೇ ಇರಲಿ, ಪದ ಮಾತ್ರ ತಿದ್ದು, ಪಕ್ಕದಲ್ಲಿ ನಿಮ್ಮಮ್ಮ ಸಹಿ ಹಾಕಲಿ ಎಂದು ತಮ್ಮದೇ ಪೆನ್ನು ಕೊಟ್ಟರು.

"ಯಾವ ದ ಸಾರ್?"

ಶಾಸಕರು ಗುಮಾಸ್ತರನ್ನು ನೋಡಿದರು. ಗುಮಾಸ್ತರು ಕ್ಯಾಲೆಂಡರ್ ನೋಡಿದರು. ಕೊನೆಗೆ ಅಲ್ಲಿ ಕಾಯುತ್ತಿದ್ದ ಟೈಲರ್ ಅಜ್ಜ ಒಬ್ಬರು, "ಹೊಟ್ಟೆ ಸೀಳು ಪುಟ್ಟಿ, ಏನೂ ಆಗಲ್ಲ," ಅಂದರು.

ಅರ್ಜಿಗೆ ಸೀಲು ಬಿತ್ತು.

"ಸದನದಲ್ಲಿ ಕೇಳ್ತೀನಮ್ಮ," ಅಂದರು ಶಾಸಕರು. "ಆಗೇ ಆಗುತ್ತೆ ಅಂತ ಮಾತ್ರ ನಾನು ಹೇಳಲಾರೆ."

ಹೊರಗೆ ಬಂದು ಇಬ್ಬರೂ ವ್ಯಾನ್ ಹತ್ತಿದರು. ನೀನು ಹೋಗೇ ಹೋಗ್ತೀಯಾ ಎಂದು ಕೇಳಬೇಕೆಂದು ಮೈಕು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮನ ಕೈಯ ಕೀಲಿ ತೂತು ತಪ್ಪಿ ಟಣ್ ಎಂದಿತು. ಮತ್ತೆ ತಪ್ಪಿತು. ದಿನಕ್ಕೆ ಹತ್ತು ಸಲ ನೋಡದೆಯೇ ಹಾಕುವ ಕೀಲಿ.

"ಅಮ್ಮ, ನಿಂಗೂ ಭಯ ಆಗ್ತಿದ್ಯಾ?"

"ಹೂಂ. ತುಂಬ ದಿನದಿಂದ."

ಕೇಳಬೇಕೆಂದಿದ್ದನ್ನು ಮೈಕು ಕೇಳಲಿಲ್ಲ. ಅವಳು ಸೀಟಿನಲ್ಲಿ ಜರುಗಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು.

"ಸ್ವಲ್ಪ ಹೊತ್ತು ಹೀಗೇ ಇರೋಣಮ್ಮ. ಕೂತಿರೋದಕ್ಕೆ ಡೀಸೆಲ್ ಬೇಡ."

ಅಮ್ಮ ಕೀಲಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.