ಕಂತು ಇಳಿಸಿದ ಪತ್ರ

೨೦೨೫ರ ನವೆಂಬರ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶಿವಗಂಗವ್ವ ಮಹಾಲಿಂಗಪುರದ ಪೊಲೀಸ್ ಠಾಣೆಗೆ ಬಂದಳು. ಅವಳ ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ಹಿಂದೆಯೇ ಗಂಡ ರಾಚಪ್ಪ ಔಷಧಿಯ ಚೀಲ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದ.

"ನಮ್ಮ ಮನಿಗೆ ಕೀಲಿ ಹಾಕ್ಯಾರ್ರಿ. ನಾದಿದ ಹಿಟ್ಟು ಒಳಗ ಐತಿ. ಹಾಕಿದವರ ಮ್ಯಾಲೆ ಕೇಸ್ ಮಾಡ್ರಿ."

ಪಿಎಸ್‌ಐ ಗಂಗಾಂಬಿಕಾ ಹೆಡ್ ಕಾನ್‌ಸ್ಟೆಬಲ್ ಹುಲೆಪ್ಪನ ಕಡೆ ನೋಡಿದರು. ಆತ ನೆಲ ನೋಡಿದ. ಬೆಳಿಗ್ಗೆ ಮನೆ ಜಪ್ತಿಯ ಬಂದೋಬಸ್ತಿಗೆ ಹೋಗಿದ್ದವನು ಅವನೇ.

"ಕೋರ್ಟ್ ಆದೇಶ ಇತ್ತು ಮೇಡಂ. ಸಾಲ ಕಟ್ಟಿಲ್ಲಂತ," ಎಂದ.

"ಯಾರು ಕಟ್ಟಿಲ್ಲ?" ಶಿವಗಂಗವ್ವನ ದನಿ ಏರಿತು. "ಕಂತು ಇಳಿಸಿದ ಮ್ಯಾಲೆ ಒಂದ ತಿಂಗಳಾನೂ ತಪ್ಪಿಸಿಲ್ಲ."

ಅವಳದು ರೊಟ್ಟಿ ಕೇಂದ್ರ. ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಲು ಖಾಸಗಿ ಗೃಹಸಾಲ ಕಂಪನಿಯೊಂದರ ಜಮಖಂಡಿ ಶಾಖೆಯಲ್ಲಿ ಮನೆಯನ್ನೇ ಅಡವಿಟ್ಟು ಸಾಲ ಪಡೆದಿದ್ದಳು. ತಿಂಗಳ ಕಂತು ಹದಿನೆಂಟು ಸಾವಿರ. ಎರಡು ವರ್ಷದ ಕೆಳಗೆ ರಾಚಪ್ಪನಿಗೆ ಹೃದಯದ ಆಪರೇಷನ್ ಆದಾಗ ಕಂತು ತಪ್ಪಿತು. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಅವಳು ಅರ್ಜಿ ಕೊಟ್ಟಳು. ಮಂಜೂರಾತಿ ಪತ್ರ ಬಂತು. ಅಂದಿನಿಂದ ತಿಂಗಳಿಗೆ ಹನ್ನೊಂದು ಸಾವಿರ ಕಟ್ಟುತ್ತ ಬಂದಿದ್ದಳು.

"ನೋಟೀಸ್ ಬರಲಿಲ್ಲೇನು?"

"ಬಂದ್ವು. ಇಂಗ್ಲಿಷ್‌ನ್ಯಾಗ. ನಮ್ಮ ಸಾಲ ನೋಡಿಕೊಳ್ಳೂದು ಕಂಪನಿ ಹುಡುಗ, ಸಂಜು ಅಂತ. ಅವಂಗ ತೋರಿಸಿದ್ನಿ. ಕಂಪ್ಯೂಟರ್ ತಪ್ಪು, ನಾ ಸರಿ ಮಾಡಿಸ್ತೇನಿ ಅಕ್ಕಾರ, ಅಂದ. ಶಾಖೆಗೆ ನಾನೂ ಎಷ್ಟೋ ಸಲ ಅಡ್ಡಾಡೇನಿ. ಅವರು ಬೆಳಗಾವಿ ಆಫೀಸಿಗೆ ಕೇಳ್ರಿ ಅಂತಾರ, ಬೆಳಗಾವಿಯವರು ಫೋನ್ ಎತ್ತೂದಿಲ್ಲ."

ರಾಚಪ್ಪ ಔಷಧಿಯ ಚೀಲದಿಂದ ತೆಗೆದುಕೊಟ್ಟ ಮಂಜೂರಾತಿ ಪತ್ರವನ್ನು ಗಂಗಾಂಬಿಕಾ ಓದಿದರು. ಕಂಪನಿಯ ಹೆಸರು, ಮೊಹರು, ಸಹಿ ಎಲ್ಲ ಇದ್ದವು. ಪತ್ರ ಮಾತ್ರ ಒಳ್ಳೆಯ ಕನ್ನಡದಲ್ಲಿತ್ತು. 'ನಿಮ್ಮ ಯಜಮಾನರು ಪೂರ್ತಿ ಹುಷಾರಾಗಲಿ. ಇನ್ನು ಮುಂದೆ ಕಂತು ಹನ್ನೊಂದು ಸಾವಿರ ಮಾತ್ರ. ಗಾಬರಿಯಾಗಬೇಡಿ.'

ಅವರು ಆ ಕೊನೆಯ ಸಾಲನ್ನು ಎರಡು ಸಲ ಓದಿದರು. ಸಾಲ ಕೊಟ್ಟ ಯಾವ ಕಂಪನಿಯೂ ಹೀಗೆ ಬರೆದದ್ದನ್ನು ಅವರು ಕಂಡಿರಲಿಲ್ಲ.

ಮಧ್ಯಾಹ್ನ ಜಮಖಂಡಿ ಶಾಖೆಯಲ್ಲಿ ಮ್ಯಾನೇಜರ್ ರಾಹುಲ ಪತ್ರವನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ಮೇಜಿನ ಮೇಲಿಟ್ಟ.

"ಇದು ನಮ್ಮದಲ್ಲ ಮೇಡಂ. ನಮ್ಮಲ್ಲಿ ಪತ್ರ ಇಂಗ್ಲಿಷ್‌ನ್ಯಾಗ ಹೋಗತಾವ."

"ಇವರ ಅರ್ಜಿ ಏನಾತು?"

"ಅರ್ಜಿ ದಾಖಲಾಗಿಲ್ಲ."

"ಖುದ್ದು ಬಂದು ಕೇಳ್ಯಾರಂತಲ್ಲ, ಹಲವು ಸಲ."

"ಬಂದಿರಬಹುದು. ದಿನಾ ಮಂದಿ ಬರತಾರ. ಸಾಲ ಬದಲಾವಣೆ ನಮ್ಮ ಕೈಯಾಗಿಲ್ಲ, ಬೆಳಗಾವಿಗೆ ಕೇಳ್ರಿ."

ಬೆಳಗಾವಿಯವರು ಮುಂಬೈಗೆ ಕೇಳಿ ಎಂದರು. ಮುಂಬೈಯ ನಂಬರಿನಲ್ಲಿ ಮೊದಲು ಸಂಗೀತ ಬಂತು, ಆಮೇಲೆ ಹಿಂದಿ ಬಂತು, ಆಮೇಲೆ ಮತ್ತೆ ಸಂಗೀತ ಬಂತು. ತಾವು ಪೊಲೀಸ್ ಅಧಿಕಾರಿ ಎಂದು ಗಂಗಾಂಬಿಕಾ ಹೇಳಿದರೆ, ಅತ್ತಲಿಂದ ಸಾಲದ ಖಾತೆ ಸಂಖ್ಯೆ ಕೇಳಿದರು. ಸಂಖ್ಯೆ ಹೇಳಿದರೆ, ಸಾಲಗಾರರೇ ಮಾತಾಡಬೇಕು ಎಂದರು. ಮೂರನೆಯ ಸಲ ಫೋನ್ ತಾನಾಗಿ ಕಟ್ಟಾಯಿತು.

"ಈ ಫೋನಿನವರನ್ನ ಮೊದಲ ಒಳಗ ಹಾಕೂಣೇನ್ರಿ?" ಎಂದ ಹುಲೆಪ್ಪ.

"ಹೆಸರು ಹೇಳಿದ್ರ ಹಾಕಬಹುದಿತ್ತು," ಎಂದರು ಗಂಗಾಂಬಿಕಾ.

ಸಂಜೆ ವಂಚನೆ ಮತ್ತು ನಕಲಿ ದಾಖಲೆ ಸೃಷ್ಟಿಯ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಮರುದಿನ ಪಂಚರ ಸಮಕ್ಷಮದಲ್ಲಿ ಶಾಖೆಯ ಪಂಚನಾಮೆ ಆಯಿತು. ಶಾಖೆಯ ಮೊಹರೂ ಪತ್ರದ ಮೊಹರೂ ಒಂದೇ ಎಂದು ಮೇಲ್ನೋಟಕ್ಕೆ ಕಂಡಿತು. ಮೊಹರು ಯಾರ ಕೈಗೆ ಸಿಗುತ್ತದೆ ಎಂದರೆ, ಎಲ್ಲರ ಕೈಗೂ ಎಂದ ರಾಹುಲ.

ಆದರೆ ರಾಚಪ್ಪನ ಆಪರೇಷನ್ ವಿಷಯ ಶಾಖೆಯಲ್ಲಿ ಎಲ್ಲರಿಗೂ ಗೊತ್ತಿರಲಿಲ್ಲ. ಅವರ ಮನೆಗೆ ಹೋಗಿ ಬರುತ್ತಿದ್ದವನು ಹುನ್ನೂರಿನ ಸಂಜು ಒಬ್ಬನೇ. ಅವನು ವಸೂಲಿಗೆಂದು ಹಳ್ಳಿ ಸುತ್ತಲು ಹೋಗಿದ್ದ. ಫೋನ್ ಬಂದ್ ಆಗಿತ್ತು.

ಶಿವಗಂಗವ್ವ ಇದನ್ನು ಒಪ್ಪಲಿಲ್ಲ. "ಸಂಜು ಅಂಥಾವಲ್ಲರಿ. ಒಂದ ರೂಪಾಯಿ ಕೇಳಿಲ್ಲ. ಆ ಮ್ಯಾನೇಜರ್‌ನ ಹಿಡೀರಿ." ಶಾಖೆಯಲ್ಲಿ ತನಗೆ ಸಿಕ್ಕಿದ್ದ ಲೋಕಾಪುರದ ಟೆಂಪೋ ಮಾಲೀಕ ಭೀಮಶಿಗೂ ಇಂಥದೇ ಪತ್ರ ಬಂದಿದೆ ಎಂದು ಅವಳೇ ಹೇಳಿದಳು. ವಿಚಾರಿಸಿದಾಗ ಅದು ನಿಜವಾಗಿತ್ತು. ಅವನ ಮನೆ ಮುಂದಿನ ತಿಂಗಳು ಹರಾಜಿಗೆ ಬರುವುದಿತ್ತು. ಬನಹಟ್ಟಿಯ ಒಬ್ಬ ನೇಕಾರನ ಬಳಿ ಮೂರನೆಯ ಪತ್ರ ಸಿಕ್ಕಿತು.

ಯಾರೂ ಲಂಚ ಕೊಟ್ಟಿರಲಿಲ್ಲ. ಹಾಗಾದರೆ ಈ ಮೂರು ಪತ್ರಗಳಿಂದ ಯಾರಿಗೆ ಲಾಭ ಎಂಬುದು ಗಂಗಾಂಬಿಕಾಗೆ ತಿಳಿಯಲಿಲ್ಲ. ಸಂಜುವಿನ ಬ್ಯಾಂಕ್ ಖಾತೆಯ ವಿವರ ತರಿಸಿದರು. ಶನಿವಾರ ಹುಲೆಪ್ಪ ಅದನ್ನು ಹರಡಿಕೊಂಡು ಕುಳಿತ.

"ಮೇಡಂ, ರೊಕ್ಕ ಬಂದಿಲ್ಲ. ಹೋಗೇತಿ."

"ಎಲ್ಲಿಗೆ?"

"ಈ ಮೂರೂ ಮಂದಿ ಸಾಲದ ಖಾತೆಗೇ. ಪಗಾರ ಆದ ಮರುದಿನ. ಶಿವಗಂಗವ್ವಗ ಏಳು ಸಾವಿರ, ಉಳಿದವರಿಗೂ ಕಂತಿಗೆ ಎಷ್ಟು ಕಮ್ಮಿ ಬೀಳತಿತ್ತೋ ಅಷ್ಟು. ಆರು ತಿಂಗಳು ಕಟ್ಯಾನ. ಆಮ್ಯಾಲೆ ನಿಂತೇತಿ."

ಗಂಗಾಂಬಿಕಾ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ನೋಡಿದರು. ಆಮೇಲೆ ಎದ್ದು ಜೀಪಿನ ಕೀಲಿಕೈ ತೆಗೆದುಕೊಂಡರು. ಅವರಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಸಂಜು ಸಿಕ್ಕಿದ್ದು ಲೋಕಾಪುರದಲ್ಲಿ, ಭೀಮಶಿಯ ಮನೆಯ ಕಟ್ಟೆಯ ಮೇಲೆ. ಮೂವತ್ತರ ಒಳಗಿನ ತೆಳ್ಳನೆಯ ಹುಡುಗ. ಕೈಯಲ್ಲಿ ಚಹಾದ ಲೋಟ ಇತ್ತು. ಹರಾಜು ನಿಲ್ಲುತ್ತದೆ, ಗಾಬರಿ ಬೇಡ ಎಂದು ಆಗಷ್ಟೇ ಭೀಮಶಿಗೆ ಹೇಳಿ ಮುಗಿಸಿದ್ದ. ಪೊಲೀಸರನ್ನು ಕಂಡು ಲೋಟ ಕೆಳಗಿಟ್ಟು ಎದ್ದುನಿಂತ. ಓಡಲಿಲ್ಲ.

ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ಪತ್ರ ಯಾರು ಬರದದ್ದು?"

"ನಾನ ರೀ."

"ಸಹಿ?"

"ನಾನ ಮಾಡಿದ್ನಿ."

"ಅರ್ಜಿ ಯಾಕ ಕಳಸಲಿಲ್ಲ?"

"ಬೆಳಗಾವಿಗೆ ಕಳಿಸಿದ್ನಿರಿ. ಮೂರೂ ಕಳಿಸಿದ್ನಿ. ಮೂರೂ ವಾಪಸ್ ಬಂದ್ವು. ಓದಿರಲಿಲ್ಲ ಅವರು. ಇನ್ನ ಇಂಥಾವು ಕಳಿಸಬ್ಯಾಡ, ವಸೂಲಿ ಮಾಡು ಅಂತ ಮ್ಯಾನೇಜರ್ ಸಾಹೇಬ್ರು ಬೈದ್ರು."

"ಅದನ್ನ ಮಂದಿಗೆ ಹೇಳಬೇಕಿತ್ತಲ್ಲ."

"ಹೇಳಾಕಂತನ ಅಕ್ಕಾರ ಮನಿಗೆ ಹೋಗಿದ್ನಿರಿ. ಅಣ್ಣಾರು ದವಾಖಾನಿಯಿಂದ ಆಗ ಬಂದಿದ್ರು. ಉಣ್ಣಾಕ ಕುಂಡ್ರಿಸಿದ್ರು. ಏನಾತು ಸಂಜು ಅಂತ ಕೇಳಿದ್ರು. ಆತ್ರಿ ಅಂದ್ನಿ. ಬಾಯಿಂದ ಹಂಗ ಬಂತು. ಆಮ್ಯಾಲೆ ಪತ್ರ ಕೊಡಬೇಕಾತು."

"ಆಮ್ಯಾಲೆ ನಿನ್ನ ಪಗಾರ ಕೊಟ್ಟಿ."

"ಆದಷ್ಟು ದಿನ."

"ಆಗದಾಗ?"

ಸಂಜು ಮೇಜಿನ ಮೇಲಿದ್ದ ಪತ್ರವನ್ನು ಬೋರಲು ಹಾಕಿದ.

ರಾಹುಲನನ್ನು ಮತ್ತೆ ಕರೆಸಿದಾಗ, ಅರ್ಜಿಗಳು ಬಂದು ತಿರಸ್ಕೃತವಾದದ್ದು ನಿಜ ಎಂದು ಒಪ್ಪಿದ. ದಾಖಲಾಗಿಲ್ಲ ಎಂದಿರಲ್ಲ ಎಂದರೆ, ತಿರಸ್ಕಾರವಾದದ್ದನ್ನು ದಾಖಲೆ ಎನ್ನುವುದಿಲ್ಲ ಎಂದ. ಅವನ ಹೇಳಿಕೆಯನ್ನು ಗಂಗಾಂಬಿಕಾ ಒಂದು ಅಕ್ಷರ ಬಿಡದೆ ಬರೆಸಿಕೊಂಡು ಸಹಿ ಹಾಕಿಸಿದರು.

ಸಂಜುವನ್ನು ಬಂಧಿಸಿ ಹುನ್ನೂರಿನ ಅವನ ಮನೆಗೆ ಸುದ್ದಿ ಮುಟ್ಟಿಸಲಾಯಿತು. ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಹೊತ್ತಿಗೆ ಶಿವಗಂಗವ್ವ ಠಾಣೆಯ ಅಂಗಳದಲ್ಲಿ ನಿಂತಿದ್ದಳು. ಅವಳು ಬೈಯುತ್ತಾಳೆ ಎಂದುಕೊಂಡ ಹುಲೆಪ್ಪ ನಡುವೆ ನಿಂತ. ಅವಳು ಬೈಯಲಿಲ್ಲ.

"ಆಗೂದಿಲ್ಲ ಅಂತ ಆವತ್ತ ಹೇಳಿದ್ದಿ ಅಂದ್ರ," ಎಂದಳು, "ರಬಕವಿ ರಸ್ತೆದಾಗಿನ ಪ್ಲಾಟ್ ಮಾರತಿದ್ನಿ. ಗಿರಾಕಿ ಬಾಗಿಲಿಗೆ ಬಂದಿದ್ದ. ಕಂತು ಇಳಿದೈತಿ, ಯಾಕ ಮಾರಲಿ ಅಂತ ತಿರುಗಿ ಕಳಿಸಿದ್ನಿ. ಮುಂದ ಅದೂ ಇವರ ಔಷಧಕ್ಕ ಅರ್ಧ ರೇಟಿಗೆ ಹೋತು. ಈಗ ಮನೀನೂ ಇಲ್ಲ, ಪ್ಲಾಟೂ ಇಲ್ಲ. ನಿನ್ನ ಏಳು ಸಾವಿರ ತಗೊಂಡು ನಾ ಏನ ಮಾಡ್ಲಿ ಸಂಜು?"

ಸಂಜು ಜೀಪು ಹತ್ತಿದ. ಜೀಪು ಹೊರಟಿತು.

ಎಫ್‌ಐಆರ್ ಪ್ರತಿ ಮತ್ತು ರಾಹುಲನ ಹೇಳಿಕೆ ಹಿಡಿದು ಮೂರೂ ಮನೆಯವರ ವಕೀಲರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದರು. ಮೂರೂ ಮನೆಗಳ ಹರಾಜಿಗೆ ತಾತ್ಕಾಲಿಕ ತಡೆ ಸಿಕ್ಕಿತು. ಹೊಸದಾಗಿ ಅರ್ಜಿ ಪಡೆದು, ಓದಿ, ಕಾರಣ ಸಹಿತ ಉತ್ತರ ಕೊಡಬೇಕೆಂದು ಕಂಪನಿಗೆ ಆದೇಶವಾಯಿತು. ಕಂಪನಿ ಏನು ಉತ್ತರಿಸುತ್ತದೋ ಡಿಸೆಂಬರ್ ಮುಗಿದರೂ ಗೊತ್ತಾಗಲಿಲ್ಲ. ಶಿವಗಂಗವ್ವ ಅಣ್ಣನ ಮನೆಯ ಪಡಸಾಲೆಯಲ್ಲಿ ಒಲೆ ಹೂಡಿದ್ದಳು.

ದೋಷಾರೋಪ ಪಟ್ಟಿಯ ಕರಡನ್ನು ಹುಲೆಪ್ಪ ಬರೆದ. ಕೃತ್ಯದ ಉದ್ದೇಶ ಎಂಬಲ್ಲಿ ರೂಢಿಯಂತೆ 'ಅಕ್ರಮ ಲಾಭ ಗಳಿಸುವ ಸಲುವಾಗಿ' ಎಂದು ಹಾಕಿದ್ದ. ಗಂಗಾಂಬಿಕಾ ಅದನ್ನು ಹೊಡೆದುಹಾಕಿದರು. ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, ಆಮೇಲೆ ತಮ್ಮ ಕೈಯಾರೆ ಬರೆದರು: 'ಆರೋಪಿಗೆ ಈ ಕೃತ್ಯದಿಂದ ಲಾಭವಾಗಿಲ್ಲ. ಮೂರು ಮನೆಯವರಿಗೆ ಅವನು ಒಂದು ಕೆಟ್ಟ ಸುದ್ದಿ ಹೇಳಬೇಕಾಗಿತ್ತು. ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ.'