ಅದ್ವೈತನ ತೇಗದ ಬಿಲ್ಲೆ

"ನನ್ನ ಮಗಾ ಕೊಯ್ದು ತಂದ ತೇಗದ ಬಿಲ್ಲೆ ಯಾರೋ ಕದ್ದಾರ್ರಿ. ಹುಡುಕಿ ಕೊಡ್ರಿ," ಎಂದರು ಪ್ರಭಾಕರರಾಯರು. ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ನಾಸಿಕದ ಕನ್ನಡಿಗರು ಇಂಥ ಸಂಕಟ ಬಂದಾಗ ಅಲಕಾ ಅವರ ಬಾಗಿಲು ತಟ್ಟುತ್ತಿದ್ದರು. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ಅವರು. ಅವರ ಮಾಳಿಗೆಯ ಮೇಲೆ ಬಾಡಿಗೆಗಿದ್ದ ನಾನು ಪ್ರತಿ ಸಲವೂ ಜೊತೆಗೆ ಹೋಗುತ್ತಿದ್ದೆ.

ರಾಯರು ಓಝರ್‌ನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ಒಬ್ಬನೇ ಮಗ ಅದ್ವೈತ್, ಸಂಭಾಜಿನಗರದ ಸಂಶೋಧನಾ ಕೇಂದ್ರವೊಂದರಲ್ಲಿ ಹಳೆಯ ಕಾಲದ ಮಳೆಯನ್ನು ಮರದಲ್ಲಿ ಓದುತ್ತಿದ್ದ. ಮಳೆ ಚೆನ್ನಾದ ವರ್ಷ ತೇಗದ ಉಂಗುರ ಅಗಲ, ಇಲ್ಲದ ವರ್ಷ ತೆಳು. ಕೆಲವು ಶತಮಾನಗಳ ಹಿಂದೆ ಭೂಮಿ ತಣ್ಣಗಾಗಿದ್ದ ಕಾಲದಲ್ಲಿ ಎಲ್ಲೆಲ್ಲಿ ಎಷ್ಟು ಮಳೆಯಾಯಿತೆಂದು ಹುಡುಕುತ್ತಿದ್ದ. ನಾಸಿಕದ ವಾಡೆಯೊಂದರ, ಅಂದರೆ ಹಳೆಯ ದೊಡ್ಡ ಮನೆಯ, ತೊಲೆಯಿಂದ ಒಂದು, ಸಂಭಾಜಿನಗರದ ಹತ್ತಿರದ ಗಂಗಾಪುರದಲ್ಲಿ ಕೆಡವುತ್ತಿದ್ದ ಹಳೆಯ ಮನೆಯ ತೊಲೆಯಿಂದ ಒಂದು ಬಿಲ್ಲೆ ಕೊಯ್ದು ತಂದ. ಉಂಗುರಗಳು ತಾಳೆಯಾದವು. ಎರಡೂ ಊರಿಗೆ ಒಂದೇ ಸಮ ಮಳೆಯಾಗಿತ್ತೆಂದು ಪ್ರಬಂಧ ಬರೆದ. ಗಂಗಾಪುರಕ್ಕೆ ಮತ್ತೊಮ್ಮೆ ಹೋದಾಗ ಆ ಮನೆಯ ಅಟ್ಟ ಕುಸಿದು ತೀರಿಕೊಂಡ.

ಈಗ ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೆ ಗಂಗಾಪುರದ ಬಿಲ್ಲೆ ಮಾಯವಾಗಿತ್ತು. ಪತ್ರಿಕೆಯವರು ಸಾಕ್ಷಿಗೆ ಬಿಲ್ಲೆಯನ್ನೇ ಕೇಳಿದ್ದರು; ಅದಿಲ್ಲದಿದ್ದರೆ ಅಚ್ಚು ಇಲ್ಲ.

ರಾಯರೊಂದಿಗೆ ಅಲಕಾ ಮತ್ತು ನಾನು ಸಂಭಾಜಿನಗರದ ಕೇಂದ್ರಕ್ಕೆ ಹೋದಾಗ ಮೂವರು ಸಿಕ್ಕರು. ಕೇಂದ್ರದ ಮುಖ್ಯಸ್ಥ ಜಯಂತ್, ಅದ್ವೈತನ ಸಹೋದ್ಯೋಗಿ ಮಧುರಾ, ಮತ್ತು ಮನೆ ಕೆಡವಿಸುತ್ತಿದ್ದ ಗುತ್ತಿಗೆದಾರ ಗುರುಬಸವ. ಬಿಲ್ಲೆ ಕಳೆದ ದಿನ ಅವನೂ ಅಪಘಾತದ ವಿಷಯ ಮಾತಾಡಲು ಅಲ್ಲಿಗೆ ಬಂದಿದ್ದ.

ಮೇಜಿನ ಮೇಲೆ ನಾಸಿಕದ ಬಿಲ್ಲೆ ಹಾಗೇ ಇತ್ತು. ಪಕ್ಕದಲ್ಲಿ ಬಿಲ್ಲೆ ಸುತ್ತುವ ಹಾಳೆಯ ಸುರುಳಿ ಬಿಚ್ಚದೆ ಬಿದ್ದಿತ್ತು. ಗೋಡೆಯ ಗೂಟವೊಂದು ಖಾಲಿ ಇತ್ತು.

"ಇಲ್ಲೇನಿತ್ತು?" ಅಲಕಾ ಕೇಳಿದರು.

"ಅದ್ವೈತನ ಶಾಲು. ಬಿಲ್ಲೆ ಹೋದ ದಿನದಿಂದ ಅದೂ ಇಲ್ಲ," ಎಂದರು ಜಯಂತ್. ಕಳೆದ ಬಿಲ್ಲೆಯ ಫೋಟೊ ತೋರಿಸಿದರು. ಅಂಚಿನಲ್ಲಿ ಓರೆಯಾದ ತೂತು, ಒಳಮೈ ನಯವಾಗಿ ಸವೆದಿತ್ತು.

"ತೊಲಿ ತುದೀಗೆ ಆ ತೂತು ಮೊದಲಿಂದನ ಇತ್ತ್ರಿ. ನಾವ್ ಕೊರದದ್ದಲ್ಲ," ಎಂದ ಗುರುಬಸವ.

ಮರುದಿನ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದ ಅಲಕಾ ನಿಧಾನವಾಗಿ ಮಾತು ತೆಗೆದರು.

"ಗುರುಬಸವಗ ಅಪಘಾತದ ಹೆದರಿಕಿ ಇದ್ದೀತು. ಆದ್ರ ಬಿಲ್ಲಿ ಕೊಯ್ದದ್ದು ಅಟ್ಟ ಕುಸಿಯೂ ಮೊದಲ. ಅದನ್ನ ಕದ್ದು ಅವಗೇನು ಸಿಗಬೇಕು? ಜಯಂತ್ ಅವರಿಗೆ ಪ್ರಬಂಧ ಬೇಕಿತ್ತು. ಕದ್ದವರಿಗೆ ಅದು ಅಚ್ಚಾಗಬಾರದಿತ್ತು. ಇನ್ನ, ಹಾಳಿ ಕೈಗೇ ಸಿಗೂವಂಗ ಇದ್ರೂ ಸತ್ತವನ ಶಾಲಿನ್ಯಾಗ ಬಿಲ್ಲಿ ಸುತ್ತಿದವರಿಗೆ ಅವನ ಮ್ಯಾಲೆ ಸಿಟ್ಟಿರಲಿಲ್ಲ. ಹೌದಲ್ಲ, ಮಧುರಾ?"

ಮಧುರಾ ಎದ್ದು ಕಪಾಟಿನ ಕಡೆ ನಡೆದಳು. ಅಲಕಾ ಮುಂದುವರಿಸಿದರು.

"ಯಾಕ ಅಂತ ಆ ತೂತು ಹೇಳ್ತು. ಅದು ಮನೀ ಕೆಲಸಕ್ಕ ಕೊರದದ್ದಲ್ಲ. ಹಗ್ಗ ಹಾಕಿ ದಿಮ್ಮಿಗಳನ್ನ ಒಂದಕ್ಕೊಂದು ಕಟ್ಟಿ ಹೊಳಿಗೆ ಬಿಟ್ಟಾರ, ಹಗ್ಗ ತಿಕ್ಕಿ ಸವದದ. ಗೋದಾವರಿ ನಾಸಿಕದಿಂದ ಗಂಗಾಪುರದ ಕಡೆ ಹರೀತಾಳ. ಎರಡೂ ತೊಲಿ ನಾಸಿಕದ ಗುಡ್ಡದ್ದು. ಉಂಗುರ ತಾಳೆ ಆಗಲೇಬೇಕಲ್ಲ? ಎರಡರಾಗೂ ಇರೂದು ಒಂದೇ ಊರಿನ ಮಳಿ, ಪ್ರಬಂಧ ತಪ್ಪು."

ಮಧುರಾ ಕಪಾಟಿನ ಹಿಂದಿನಿಂದ ಶಾಲಿನ ಗಂಟು ತಂದು ಮೇಜಿನ ಮೇಲಿಟ್ಟಳು.

"ಗಂಗಾಪುರದ ಕಡೆಯೇ, ಹೊಳೆಯಿಂದ ದೂರ ಇರೋ ಹಳ್ಳಿಯ ಇನ್ನೊಂದು ತೊಲೆ ಚೆಕ್ ಮಾಡ್ದೆ, ಕಾಕಾ. ಅದು ಅಲ್ಲೇ ಬೆಳೆದ ಮರ, ಪಕ್ಕಾ. ಅದೇ ವರ್ಷಗಳ ಉಂಗುರ ಕೂದಲಿನಷ್ಟು ತೆಳು. ನಾಸಿಕಕ್ಕೆ ಮಳೆ ಬಂದಾಗ ಈ ಕಡೆ ಬಂದೇ ಇಲ್ಲ. ಅವನದು ತಪ್ಪಿತ್ತು. ನೀವು ಎಲ್ಲರ ಹತ್ರ ಅವನ ಶೋಧ, ಅವನ ಶೋಧ ಅಂತ ಹೇಳ್ತಾ ಇದ್ರಿ. ನಿಜ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅಚ್ಚಾಗದೆ ನಿಂತರೆ ಸಾಕು ಅಂತ ಬಚ್ಚಿಟ್ಟೆ."

ರಾಯರು ಗಂಟು ಬಿಚ್ಚಿ ಉಂಗುರಗಳ ಮೇಲೆ ಬೆರಳಾಡಿಸಿದರು.

"ಅಂದ್ರ ಇದು ನಮ್ಮ ನಾಸಿಕದ ಕಡೀ ಮರ," ಎಂದರು ಕೊನೆಗೆ. "ಇದರ ಸಲುವಾಗಿ ಅಷ್ಟು ದೂರ ಹೋಗಿ ಬಿದ್ದ."

ಮಧುರಾ ಅಳತೊಡಗಿದಳು. ರಾಯರು ಅವಳಿಗೆ ಕುರ್ಚಿ ಎಳೆದುಕೊಟ್ಟರು.

"ಪ್ರಬಂಧ ತಿದ್ದವ್ವಾ. ಅವನ ಹೆಸರಿನ್ಯಾಗ ಸುಳ್ಳು ಬ್ಯಾಡ. ತಪ್ಪಿತ್ತು ಅಂತನ ಬರಿ. ಆದ್ರ ನೀನ ಬರಿ. ಬ್ಯಾರೆಯವರು ಬರದ್ರ ನನಗ ಓದಲಿಕ್ಕೆ ಆಗೂದಿಲ್ಲ."